ಶಾಸನದ ತಿಥಿಗೆ ಇಸವಿ ಹುಡುಕುವವರ ಕೈಪಿಡಿ

ಜಯಂತಿ, ಪಟ್ಟಾಭಿಷೇಕಗಳ ದಿನವನ್ನು ನಿಷ್ಕರ್ಷಿಸಲು ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ‘ಇಂಡಿಯನ್ ಎಫೆಮೆರಿಸ್’ (ಮದ್ರಾಸ್, 1922) ಸಂಪುಟಗಳಷ್ಟು ನೆಚ್ಚಬಹುದಾದ ಸಾಧನವನ್ನು ನಾನು ಕಂಡಿಲ್ಲ. ಕ್ರಿ.ಶ. 700ರಿಂದ 1799ರವರೆಗಿನ ದಿನದಿನದ ವಾರ, ತಿಥಿ, ನಕ್ಷತ್ರಗಳು ಇದರಲ್ಲಿದ್ದು, ತಿಥಿ ಮುಗಿಯುವ ಹೊತ್ತನ್ನೂ ದಶಮಾಂಶದಲ್ಲಿ ಕೊಟ್ಟಿದ್ದಾರೆ. ಇಸವಿ ಪಡೆಯಲು ಶಕವರ್ಷಕ್ಕೆ ಕಣ್ಣುಮುಚ್ಚಿ 78 ಕೂಡಿಸುವವರು ಎಲ್ಲಿ ಎಡವುತ್ತಾರೆಂಬುದಕ್ಕೆ ಹಂಪಿಯ ವಿರೂಪಾಕ್ಷ ದೇಗುಲದ ಕೃಷ್ಣದೇವರಾಯನ ಶಾಸನವೇ ಸಾಕ್ಷಿ: ಅಲ್ಲಿ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ ಎಂದಿದೆ, ಆದರೆ ಶುಕ್ಲ ಸಂವತ್ಸರ ಬರುವುದು ಗತಶಕ (ಮುಗಿದ ಶಕವರ್ಷಗಳ ಎಣಿಕೆ) 1431ರಲ್ಲಿ, ಆದ್ದರಿಂದ ಸಂವತ್ಸರವನ್ನು ಒಪ್ಪಿದರೆ ಆ ದಿನ 1510ರ ಜನವರಿಗೆ ಬರುತ್ತದೆ, ಶಕವನ್ನು ಒಪ್ಪಿದರೆ 1509ಕ್ಕೆ ಸರಿಯುತ್ತದೆ (ಮಾಘವು ಮುಂದಿನ ಇಸವಿಯ ಮೊದಲ ತಿಂಗಳುಗಳಲ್ಲಿ ಬರುವುದರಿಂದ 78 ಕೂಡಿಸಿ ಬರುವ 1508 ಎರಡಕ್ಕೂ ಹೊಂದುವುದಿಲ್ಲ). ನಾನು ಸಂವತ್ಸರವನ್ನೇ ಒಪ್ಪುತ್ತೇನೆ. ಕನ್ನಡದ ಓದುಗರಿಗೆ ಈ ಸಂಪುಟಗಳ ಇಂಗ್ಲಿಷ್ ವಿವರಣೆ ತೊಡಕೆನಿಸಬಹುದು. ವಾರವನ್ನು ಹೇಳದ ಶಾಸನಗಳಲ್ಲಂತೂ ಈ ಕೋಷ್ಟಕಗಳಿಂದ ದೊರೆತ ದಿನಾಂಕವನ್ನು ತಾಳೆ ನೋಡುವುದು ಕಷ್ಟ.