ಓದಲು ಫೈನಾನ್ಸೋ, ಅಕೌಂಟಿಂಗೋ?

ಅಕೌಂಟಿಂಗ್ ಆಗಿಹೋದ ವ್ಯವಹಾರದ ಲೆಕ್ಕ ಇಡುತ್ತದೆ. ಫೈನಾನ್ಸ್ ಮುಂದೆ ಬರುವ ಹಣಕ್ಕೆ ಇವತ್ತೇ ಬೆಲೆ ಕಟ್ಟುತ್ತದೆ. ವರ್ಷ ಬಿಟ್ಟು ಸಿಗುವ 110 ರೂಪಾಯಿ, ಶೇ. 10ರ ಬಡ್ಡಿ ದರದಲ್ಲಿ ಇವತ್ತಿಗೆ 100 ಅಷ್ಟೇ. ದರ ಶೇ. 12 ಅಂದರೆ ಅದೇ 110 ಸುಮಾರು 98ಕ್ಕೆ ಇಳಿಯುತ್ತದೆ. ಯಾವ ದರ ಸರಿ? ಜಗಳವೆಲ್ಲ ಅಲ್ಲೇ.

ಇಂಥ ಅಂದಾಜು ಇಷ್ಟವಾದರೆ ಷೇರು ವಿಶ್ಲೇಷಣೆ, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ (ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ ಕೆಲಸ), ರಿಸ್ಕ್ ವಿಭಾಗಗಳಿವೆ. ಹೂಡಿಕೆ ವಿಶ್ಲೇಷಕರ ಅರ್ಹತೆಯಾದ ಸಿಎಫ್‌ಎ ಬೇಕೆಂದರೆ ಮೂರು ಹಂತದ ಪರೀಕ್ಷೆ ಬೇರೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಹೊರಗಿಂದ ಥಳುಕು. ಶುರುವಿನ ವರ್ಷಗಳಲ್ಲಿ ಮಾತ್ರ ನಡುರಾತ್ರಿಗೂ ಎಕ್ಸೆಲ್ ಶೀಟೇ ಸಂಗಾತಿ.

ಅಕೌಂಟಿಂಗ್‌ನ ದಾರಿ ನೇರ: ಆಡಿಟ್, ತೆರಿಗೆ. ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬಾರದವರಿಗೆ ಅದೇ ಸರಿ.

ಇನ್ನೂ ಗೊಂದಲವೇ? ಮೊದಲ ವರ್ಷ ಎರಡನ್ನೂ ಓದಿ ನೋಡಿ. ಬ್ಯಾಲೆನ್ಸ್ ಶೀಟ್ (ಕಂಪನಿಯ ಆಸ್ತಿ-ಸಾಲದ ಪಟ್ಟಿ) ಓದಲು ಬಾರದೆ ಫೈನಾನ್ಸ್ ಹೇಗೂ ತಲೆಗೆ ಹತ್ತಲ್ಲ, ಅಲ್ವಾ?