ಡಾರ್ಕ್ ಸೈಡ್ ಕೇಳೋಕೆ ಎಲ್‌ಪಿನಾ, ಸಿಡಿನಾ?

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂ ಬಂದಿದ್ದು 1973ರಲ್ಲಿ. ನಾನು ಅದನ್ನು ಮೊದಲು ಕೇಳಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಮಾವ ತಂದ ಕ್ಯಾಸೆಟ್‌ನಲ್ಲಿ. ಇವತ್ತಿಗೂ ಬಿಡಲಾಗಿಲ್ಲ. ಈಗ ಕೊಳ್ಳುವವರು ಯಾವುದನ್ನು ಆರಿಸಬೇಕು?

ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ಗ್ರಾಮಫೋನ್ ತಟ್ಟೆಯ ಸುಖವೇ ಬೇರೆ. ಮೊದಲ ಬದಿ ಮುಗಿಯುವುದು ಗಾಯಕಿ ಕ್ಲೇರ್ ಟೋರಿ ಅವರ ಪದಗಳಿಲ್ಲದ ಆಲಾಪದಿಂದ. ಎದ್ದು ತಟ್ಟೆ ಮಗುಚುವವರೆಗೆ ಹೆಂಚಿನ ಮೇಲಿನ ಮಳೆ ಸದ್ದೊಂದೇ. ಆ ಬಿಡುವು ನನಗೆ ಹಾಡಿನಷ್ಟೇ ಇಷ್ಟ. ಆಮೇಲೆ ನಾಣ್ಯಗಳ ಸದ್ದು, 'ಮನಿ' ಹಾಡು ಶುರು. ಏಳು ಎಣಿಕೆಯ ತಾಳ. ನಮ್ಮ ಮಿಶ್ರ ಚಾಪಿನಲ್ಲೂ ಏಳೇ ಅಲ್ವಾ? ಕೈಯಲ್ಲಿ ಎಣಿಸಿ ನೋಡಿ, ಗಿಟಾರ್ ಸೋಲೋ ಬಂದಾಗ ಅದು ನಾಲ್ಕಕ್ಕೆ ತಿರುಗುತ್ತದೆ. ಎಲ್‌ಪಿಯ ದೊಡ್ಡ ರಟ್ಟಿನ ಹೊದಿಕೆ ಮೇಲಿನ ಪ್ರಿಸಂ ಚಿತ್ರವಂತೂ ಸಿಡಿಯ ಪುಟ್ಟ ಡಬ್ಬಿಯಲ್ಲಿ ಸೊರಗಿಹೋಗುತ್ತದೆ.

ಆದರೆ ಮಲೆನಾಡಿನ ಥಂಡಿ ಎಲ್‌ಪಿಗೆ ಶತ್ರು. ಆಷಾಢದಲ್ಲಿ ರಟ್ಟಿಗೆ ಬೂಷ್ಟು ಗ್ಯಾರಂಟಿ. ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿಡಿ. ಒಣಗಲಿ ಅಂತ ಒಲೆ ಹತ್ತಿರ ಮಾತ್ರ ಇಡಬೇಡಿ, ತಟ್ಟೆ ಬಾಗುತ್ತದೆ.

ಸಿಡಿಯಲ್ಲಿ ಸುಮಾರು 43 ನಿಮಿಷ ಒಂದೇ ಓಟ. ಎದೆ ಬಡಿತದಿಂದ ಶುರುವಾಗಿ ಎದೆ ಬಡಿತದಲ್ಲೇ ಮುಗಿಯುವ ಆಲ್ಬಂಗೆ ಅದೂ ಒಪ್ಪುತ್ತದೆ. ಖರ್ಚೂ ಕಡಿಮೆ.

ಕರೆಂಟ್ ಹೋದಾಗ ಮೊಬೈಲೇ ಗತಿ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಹಾಡುಗಳನ್ನು ಸುಮ್ನೆ ಹಿಂದೆಮುಂದೆ ಮಾಡಬೇಡಿ.

ಮಳೆಗಾಲದಲ್ಲಿ ಬೀಗ ಹಾಕಿರುವ ಮನೆಯಾದರೆ ಸಿಡಿ ತಗೊಳ್ಳಿ. ದಿನಾ ಮನೆಯಲ್ಲಿದ್ದು ನೋಡಿಕೊಳ್ಳುವವರಾದರೆ, ಜಾಸ್ತಿ ದುಡ್ಡಾದರೂ ಸರಿ, ಎಲ್‌ಪಿಯೇ.