ನಾಲ್ಕು ಮಳೆಗಾಲ ಕಂಡ ಪೇವರ್: ಕಾರು ನಿಲ್ಲುವ ಜಾಗ ಪಾಸು, ಪಕ್ಕದ ಓಣಿ ಫೇಲು

ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆಗೆ 2021ರ ಫೆಬ್ರವರಿಯಲ್ಲಿ ಪೇವರ್, ಅಂದರೆ ಹೊರಗಿನ ನೆಲಕ್ಕೆ ಜೋಡಿಸುವ ಸಿಮೆಂಟ್ ಬ್ಲಾಕು, ಹಾಕಿಸಿದೆವು. ಕಾರು ನಿಲ್ಲುವ ಕಡೆ 60 ಎಂಎಂ ದಪ್ಪದ ಬೂದು ಇಂಟರ್‌ಲಾಕ್ (ಒಂದಕ್ಕೊಂದು ಕಚ್ಚಿಕೊಳ್ಳುವ ಬ್ಲಾಕು), ಮಷೀನಿನಲ್ಲಿ ಒತ್ತಿ ಮಾಡಿದ್ದು. ಪಕ್ಕದ ಓಣಿಗೆ ರಬ್ಬರ್ ಮೌಲ್ಡಿನಲ್ಲಿ ಎರಕ ಹೊಯ್ದ ಕೆಂಪು-ಹಳದಿ ಟೈಲ್ಸ್, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಎರಡೂ ಒಂದೇ ಯಾರ್ಡಿನ, ಅಂದರೆ ಬ್ಲಾಕು ಮಾರುವ ಜಾಗದ, ಮಾಲು. ಯಾರ್ಡಿನ ಹೆಸರು ಬೇಡ ಬಿಡಿ.

ಮೊದಲು ಒಳ್ಳೆಯದು ಹೇಳುತ್ತೇನೆ. ಬೂದು ಬ್ಲಾಕು ಗಟ್ಟಿ. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ವಾ, ಆಗಲೂ ಒಂದೂ ಒಡೆಯಲಿಲ್ಲ, ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ. ಇನ್ನೊಂದು ಲಾಭ ನಮಗೆ ಆಮೇಲೆ ಗೊತ್ತಾಯಿತು. ಕಾವೇರಿ ನೀರಿನ ಪೈಪು ಗೇಟಿನ ಹತ್ತಿರ ಲೀಕ್ ಆದಾಗ ಮೂವತ್ತು ಬ್ಲಾಕು ಎತ್ತಿ, ಪೈಪು ಸರಿಮಾಡಿ, ಅವೇ ಬ್ಲಾಕುಗಳನ್ನು ಸಂಜೆಯೊಳಗೆ ವಾಪಸು ಜೋಡಿಸಿದರು. ಕಾಂಕ್ರೀಟ್ ಹಾಕಿಸಿದ್ದರೆ ಬ್ರೇಕರ್ ತಂದು ಒಡೆದು, ಆ ತೇಪೆಯನ್ನು ಜೀವನ ಪೂರ್ತಿ ನೋಡಿಕೊಂಡು ಇರಬೇಕಿತ್ತು.

ಆದರೆ ಸಂಪಿನ (ನೆಲದೊಳಗಿನ ನೀರಿನ ತೊಟ್ಟಿ) ಪಕ್ಕ ಒಂದು ಕಡೆ ಎರಡು ಇಂಚು ಕುಸಿದಿದೆ. ಅದು ಬ್ಲಾಕಿನ ತಪ್ಪಲ್ಲ. ಸಂಪು ಕಟ್ಟಿದಾಗ ಸುತ್ತ ಮಣ್ಣು ಸುರಿದು ದಿಮ್ಮಸು ಹೊಡೆಯದೆ ಬಿಟ್ಟಿದ್ದರು. ಮೇಸ್ತ್ರಿ ಬಂದವನು ಆ ತಗ್ಗಿಗೆ ಜಲ್ಲಿ ಹಾಕಿ ಕಂಪ್ಯಾಕ್ಟರ್ ಹೊಡೆಯುವುದು ಬಿಟ್ಟು, ನಾಲ್ಕು ಇಂಚು ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಸುರಿದು ಲೆವೆಲ್ ಮಾಡಿದ. ಬ್ಲಾಕಿನ ಕೆಳಗೆ ಮರಳು ಇರಬೇಕಾದದ್ದು ಒಂದು, ಒಂದೂವರೆ ಇಂಚು ಮಾತ್ರ. ಜಾಸ್ತಿ ಹಾಕಿದರೆ ಕಾರಿನ ಚಕ್ರ ಓಡಾಡಿದ ಹಾಗೆ ಅದು ಪಕ್ಕಕ್ಕೆ ಜಾರುತ್ತದೆ, ಮೇಲಿನದು ಕೂರುತ್ತದೆ. ನಾವು ಅಂಚಿಗೆ ಕಾಂಕ್ರೀಟ್ ಕಟ್ಟೆ ಕೊಡಿಸಿದ್ದೆವು, ಅದರಿಂದ ಉಳಿದ ಕಡೆ ಬ್ಲಾಕು ಹರಡಿಕೊಂಡಿಲ್ಲ.

ಮೊದಲ ಮಳೆ ಮುಗಿದ ಮೇಲೆ ಬಿಳಿ ಪುಡಿ ಎದ್ದಿತು. ಹೆದರಬೇಡಿ. ಸಿಮೆಂಟಿನ ಸುಣ್ಣದ ಅಂಶ ನೀರಿನ ಜೊತೆ ಮೇಲೆ ಬಂದು ಗಾಳಿಗೆ ಒಣಗಿ ಬಿಳಿ ಆಗುತ್ತದೆ. ಯಾರ್ಡಿನವರು ಆ್ಯಸಿಡ್ ಹಾಕಿ ತೊಳೆಯಿರಿ ಎಂದರು. ಆ್ಯಸಿಡ್ ಸಿಮೆಂಟನ್ನೇ ತಿನ್ನುತ್ತದೆ, ಹಾಗಾಗಿ ನಾವು ಒಣ ಬ್ರಷ್‌ನಲ್ಲಿ ಉಜ್ಜಿ ಸುಮ್ನೆ ಬಿಟ್ಟೆವು. ಎರಡನೇ ಮಳೆಗಾಲಕ್ಕೆ ಬಹುಪಾಲು ಹೋಯಿತು.

ಈಗ ಓಣಿ ವಿಷಯ. ಚದರಡಿಗೆ ಹತ್ತು ರೂಪಾಯಿ ಕಡಿಮೆ ಅಂತ ನಾನೇ ಆರಿಸಿದ್ದು, ಮನೆಯಲ್ಲಿ ಈಗಲೂ ಅದನ್ನು ನೆನಪಿಸುತ್ತಾರೆ. ಬಣ್ಣ ಮೇಲಿನ ತೆಳು ಪದರದಲ್ಲಿ ಮಾತ್ರ ಇತ್ತು. ಒಂದೂವರೆ ವರ್ಷಕ್ಕೆ ಅದು ಹಪ್ಪಳದ ಹಾಗೆ ಏಳತೊಡಗಿತು, ಒಳಗೆ ಬರೀ ಪುಡಿ ಪುಡಿ ಬೂದು. ಹೊಳಪು ಇದ್ದ ಕಡೆ ಬಿಸಿಲು ಬೀಳದೆ ಪಾಚಿ ಕಟ್ಟಿ, ನಮ್ಮತ್ತೆ ತುಳಸಿಗೆ ನೀರು ಹಾಕಲು ಹೋಗಿ ಜಾರಿ ಗೋಡೆ ಹಿಡಿದುಕೊಂಡರು. ಅವತ್ತಿನಿಂದ ಆ ಟೈಲ್ಸ್ ಕಂಡರೆ ನನಗೆ ಆಗುವುದಿಲ್ಲ. ಕೇಳಿದರೆ ಯಾರ್ಡಿನವರು "ಈ ಸಲ ಮಳೆ ಜಾಸ್ತಿ ಆಯ್ತಲ್ಲ ಸಾರ್" ಎಂದರು. ಮನೆ ಹೊರಗೆ ಹಾಕುವ ವಸ್ತು ಮಳೆಗೆ ತಡೆಯಲ್ಲ ಅಂದರೆ ಏನು ಹೇಳೋದು!

ಪೇವರ್‌ಗೆ ಐಎಸ್ 15658 ಅಂತ ಒಂದು ಭಾರತೀಯ ಮಾನದಂಡ ಇದೆ. ನೀರು ಹೀರುವುದು ಸರಾಸರಿ ಶೇ 6 ದಾಟಬಾರದು ಅನ್ನುತ್ತದೆ. ಟೆಸ್ಟ್ ರಿಪೋರ್ಟ್ ಕೇಳಿ, ಕೊಡದಿದ್ದರೆ ಎರಡು ಬ್ಲಾಕು ತೆಗೆದುಕೊಂಡು ಒಂದಕ್ಕೊಂದು ತಟ್ಟಿ. ಠಣ್ ಅಂದರೆ ಸರಿ, ಡಬ್ ಅಂದರೆ ಬೇರೆ ಅಂಗಡಿ ನೋಡಿ. ಒಂದನ್ನು ಒಡೆಸಿ ಬಣ್ಣ ಎಷ್ಟು ಆಳಕ್ಕಿದೆ ಅಂತಲೂ ನೋಡಿ. ಎರಕ ಹೊಯ್ದು ಎಷ್ಟು ದಿನ ಆಯಿತು ಎಂದೂ ಕೇಳಿ. ನಮಗೆ ಬಂದ ಟೈಲ್ಸ್ ಲಾರಿಯಲ್ಲಿ ಇನ್ನೂ ಹಸಿ ಹಸಿ ಇತ್ತು, ಆಗಲೇ ವಾಪಸು ಕಳಿಸಬೇಕಿತ್ತು.

ಓಣಿಗೆ ಈಗ ಸಾದಹಳ್ಳಿ ಕಲ್ಲು (ಬೂದು ಗ್ರಾನೈಟ್), ಪಾಲಿಶ್ ಇಲ್ಲದ್ದು, ಹಾಕಿಸುತ್ತಿದ್ದೇವೆ. ಬೂದು ಬ್ಲಾಕು ಮಾತ್ರ ಇನ್ನೊಮ್ಮೆಯೂ ಕೊಳ್ಳುತ್ತೇನೆ. ಕೊಂಡಾಗ ಇಪ್ಪತ್ತಾದರೂ ಜಾಸ್ತಿ ಇಟ್ಟುಕೊಳ್ಳಿ, ಆಮೇಲೆ ತಂದರೆ ಬಣ್ಣ ಹೊಂದುವುದಿಲ್ಲ. ನಮ್ಮ ಹತ್ತಿರ ಹದಿನಾಲ್ಕು ಉಳಿದಿವೆ, ಅದರಲ್ಲಿ ನಾಲ್ಕರ ಮೇಲೆ ಈಗ ನೀರಿನ ಡ್ರಮ್ ಕೂತಿದೆ.